ಎಡ ಅಂಚಿನ ಆಟಗಾರನ ಕೊನೆಯ ಎರಡು ಸೀಸನ್

ಚಾಟ್ಸ್‌ವುಡ್‌ನ ಆ ಫಿಸಿಯೋಥೆರಪಿ ಕ್ಲಿನಿಕ್ಕಿನಲ್ಲಿ ನನ್ನ ಕೆಲಸವೆಂದರೆ ಟವೆಲ್ ಮಡಚುವುದು, ಬಿಸಿ ಪ್ಯಾಕ್ ಸಿದ್ಧ ಮಾಡುವುದು, ರೋಗಿಗಳು ವ್ಯಾಯಾಮ ಮಾಡುವಾಗ ಪಕ್ಕದಲ್ಲಿ ನಿಂತು ಎಣಿಸುವುದು. ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ಐದು ವರ್ಷ ನಾನೇ ಫಿಸಿಯೋ ಆಗಿದ್ದವಳು. ಮದುವೆಯಾಗಿ ಸಿಡ್ನಿಗೆ ಬಂದ ಮೇಲೆ ಇಲ್ಲಿನ ಪರೀಕ್ಷೆ ಪಾಸಾಗದೆ ಆ ಕೆಲಸ ಮಾಡುವಂತಿರಲಿಲ್ಲ. ಬರೆಯುವ ಪರೀಕ್ಷೆ ಒಂದೇ ಸಲಕ್ಕೆ ಮುಗಿದಿತ್ತು. ಪರೀಕ್ಷಕರ ಎದುರು ನಿಜವಾದ ರೋಗಿಗೆ ಚಿಕಿತ್ಸೆ ಕೊಟ್ಟು ತೋರಿಸುವ ಪರೀಕ್ಷೆಯಲ್ಲಿ ಫೇಲಾಗಿದ್ದೆ. ಅದಾಗಿ ವರ್ಷ ಕಳೆದರೂ ಮತ್ತೆ ಕಟ್ಟುವ ಧೈರ್ಯ ಬಂದಿರಲಿಲ್ಲ. ದಿನಾ ಕ್ವೇಕರ್ಸ್ ಹಿಲ್‌ನಲ್ಲಿ ಟ್ರೈನ್ ಹತ್ತಿ, ಬ್ಲಾಕ್‌ಟೌನ್‌ನಲ್ಲಿ ಬದಲಿಸಿ, ಹಾರ್ಬರ್ ಸೇತುವೆ ದಾಟಿ ಹೋಗಿ ಟವೆಲ್ ಮಡಚಿ ಬರುತ್ತಿದ್ದೆ.

ಆ ಜರ್ಮನ್ ಆಟಗಾರ ಮೊದಲ ಸಲ ಬಂದದ್ದು ಒಂದು ಮಂಗಳವಾರ. ಒಂಬತ್ತೂವರೆಯ ಅಪಾಯಿಂಟ್‌ಮೆಂಟಿಗೆ ಒಂಬತ್ತಕ್ಕೇ ಬಂದು, ಕುರ್ಚಿಗಳೆಲ್ಲ ಖಾಲಿ ಇದ್ದರೂ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದರು. ತೆಳ್ಳನೆಯ ಆಳು, ಬಿಸಿಲಿಗೆ ಕೆಂಪಾದ ಕಿವಿ. ಆ ವರ್ಷವಷ್ಟೇ ಇಲ್ಲಿ ಹೊಸದಾಗಿ ಫುಟ್‌ಬಾಲ್ ಲೀಗ್ ಶುರುವಾಗಿತ್ತು. ಅದಕ್ಕಾಗಿ ಹೊರದೇಶಗಳಿಂದ ಬಂದ ವೃತ್ತಿ ಆಟಗಾರರಲ್ಲಿ ಅವರೂ ಒಬ್ಬರು. ಎಡ ತೊಡೆಯ ಹಿಂಭಾಗದ ಸ್ನಾಯು ಪದೇ ಪದೇ ಹಿಡಿದುಕೊಳ್ಳುತ್ತಿತ್ತು. ಅವರ ಕ್ಲಬ್ಬಿನಲ್ಲಿದ್ದ ಒಬ್ಬ ಫಿಸಿಯೋಗೆ ಎಲ್ಲರನ್ನೂ ನೋಡಿಕೊಳ್ಳಲು ಸಮಯ ಸಾಲದೆ ಅವರನ್ನು ನಮ್ಮಲ್ಲಿಗೆ ಕಳಿಸಿದ್ದರು.

“ನನಗೆ ಚಿಕಿತ್ಸೆ ಕೊಡೋರು ನೀವಾ?” ಎಂದು ಕೇಳಿದರು.

“ಅಲ್ಲ. ನಾನು ಎಣಿಸೋಳು,” ಎಂದೆ.

“ಒಳ್ಳೇದಾಯ್ತು. ನನಗೆ ಇಂಗ್ಲಿಷಲ್ಲಿ ಇಪ್ಪತ್ತರಿಂದಾಚೆಗೆ ಎಣಿಸೋಕೆ ಬರಲ್ಲ.”

ಅದು ಸುಳ್ಳು ಎಂದು ಆಮೇಲೆ ಗೊತ್ತಾಯಿತು. ಇಬ್ಬರ ಇಂಗ್ಲಿಷೂ ಬೇರೆ ಬೇರೆ ಊರಿನದು. ಇಬ್ಬರೂ ನಿಧಾನಕ್ಕೆ ಮಾತಾಡುತ್ತಿದ್ದೆವು, ಆದ್ದರಿಂದ ಒಬ್ಬರಿಗೊಬ್ಬರು ಚೆನ್ನಾಗಿ ಅರ್ಥವಾಗುತ್ತಿದ್ದೆವು. ಆ ಮಾತುಗಳನ್ನು ನನಗೆ ನೆನಪಿರುವಂತೆ ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ನನಗೆ ಫುಟ್‌ಬಾಲ್ ಗೊತ್ತಿರಲಿಲ್ಲ. ನಮ್ಮ ಓಣಿಯಲ್ಲಿ ಆಟ ಎಂದರೆ ಕ್ರಿಕೆಟ್. ಒಂದು ದಿನ ವಿಂಗರ್ ಅಂದರೇನು ಎಂದು ಕೇಳಿದಾಗ ಅವರು ಕೈ ಒರೆಸುವ ಕಾಗದದ ಮೇಲೆ ಮೈದಾನದ ಚಿತ್ರ ಬರೆದು ಎಡ ಅಂಚಿನ ಗೆರೆಯ ಮೇಲೆ ಬೆರಳಿಟ್ಟರು.

“ಈ ಗೆರೆ ಪಕ್ಕ ನನ್ನ ಜಾಗ. ಚೆಂಡು ತಗೊಂಡು ಗೆರೆಯುದ್ದಕ್ಕೂ ಓಡೋದು, ಎದುರು ಬಂದವನನ್ನ ದಾಟೋದು, ಮಧ್ಯಕ್ಕೆ ಎತ್ತಿ ಕೊಡೋದು. ಗೋಲು ಹೊಡೆಯೋನು ಬೇರೆಯವನು. ಮಾರನೇ ದಿನ ಪೇಪರಲ್ಲಿ ಫೋಟೋ ಬರೋದೂ ಅವನದೇ.”

“ಬೇಜಾರಾಗಲ್ವಾ?”

“ಗೆರೆ ಹತ್ತಿರ ಕೂತ ಜನಕ್ಕೆ ನನ್ನ ಹೆಸರು ಗೊತ್ತಿರತ್ತೆ. ಮಳೆ ಬಂದರೆ ನನ್ನ ಜೊತೆ ನೆನೆಯೋರು ಅವರೇ.”

ಮೂವತ್ತು ಸಲ ಕಾಲೆತ್ತುವುದು, ಎರಡು ನಿಮಿಷ ವಿಶ್ರಾಂತಿ, ಮತ್ತೆ ಮೂವತ್ತು. ಆ ಎರಡೆರಡು ನಿಮಿಷಗಳಲ್ಲಿ ಅವರ ವೃತ್ತಿಯ ಕಥೆ ತುಂಡು ತುಂಡಾಗಿ ನನಗೆ ತಿಳಿಯಿತು. ಹುಟ್ಟಿದ್ದು ಪೂರ್ವ ಜರ್ಮನಿಯ ಒಂದು ಕಾರ್ಖಾನೆ ಊರಿನಲ್ಲಿ. ಬರ್ಲಿನ್ ಗೋಡೆ ಬಿದ್ದಾಗ ಹದಿನೈದು ವರ್ಷ. ಎರಡು ವರ್ಷದೊಳಗೆ ಅಪ್ಪ ದುಡಿಯುತ್ತಿದ್ದ ಕಾರ್ಖಾನೆ ಮುಚ್ಚಿತು, ಅದನ್ನೇ ನಂಬಿಕೊಂಡಿದ್ದ ಫುಟ್‌ಬಾಲ್ ಕ್ಲಬ್ಬೂ ಬಡವಾಯಿತು. ಹದಿನೆಂಟಕ್ಕೆ ಒಂದು ಚೀಲ ಹಿಡಿದು ಪಶ್ಚಿಮಕ್ಕೆ ಹೋಗಿ ಎರಡನೇ ದರ್ಜೆಯ ತಂಡ ಸೇರಿದರು. ಅಲ್ಲಿನವರು ಇವರ ಮಾತಿನ ಧಾಟಿ ಕೇಳಿ ನಗುತ್ತಿದ್ದರಂತೆ. “ಓಡೋವಾಗ ಯಾರಿಗೂ ಧಾಟಿ ಕೇಳ್ಸಲ್ಲ ನೋಡಿ, ಅದಕ್ಕೇ ಜೋರಾಗಿ ಓಡ್ತಿದ್ದೆ,” ಎಂದರು.

ಇಪ್ಪತ್ತೈದಕ್ಕೆ ಅವರ ತಂಡ ಮೊದಲ ದರ್ಜೆಗೆ ಏರಿತು. ಅಷ್ಟು ವರ್ಷ ಟಿವಿಯಲ್ಲಿ ನೋಡಿದ್ದ ಮೈದಾನಗಳಲ್ಲಿ ಒಂದು ಮಳೆಗಾಲ, ಒಂದು ಚಳಿಗಾಲ ಆಡಿದರು. ರಾಷ್ಟ್ರೀಯ ತಂಡದ ಒಬ್ಬ ರಕ್ಷಣಾ ಆಟಗಾರನನ್ನು ಎರಡು ಸಲ ದಾಟಿ ಕೊಟ್ಟ ಚೆಂಡಿನಿಂದ ಗೋಲಾದದ್ದನ್ನು ಹೇಳುವಾಗ ವ್ಯಾಯಾಮ ನಿಲ್ಲಿಸಿ ಎದ್ದೇ ನಿಂತಿದ್ದರು. ಅದಾಗಿ ಮೂರು ವಾರಕ್ಕೆ, ಮಳೆ ಹನಿಯುತ್ತಿದ್ದ ಒಂದು ಬೆಳಗಿನ ಅಭ್ಯಾಸದಲ್ಲಿ, ಹುಲ್ಲಿಗೆ ಬೂಟು ಸಿಕ್ಕಿಕೊಂಡು ಬಲ ಮೊಣಕಾಲಿನ ಅಸ್ಥಿರಜ್ಜು ಹರಿಯಿತು. ಯಾರೂ ತಳ್ಳಲಿಲ್ಲ, ಹತ್ತಿರ ಯಾರೂ ಇರಲೂ ಇಲ್ಲ. ಸ್ಟ್ರೆಚರಿನಲ್ಲಿ ಹೊತ್ತುಕೊಂಡು ಹೋಗುವಾಗ ನೋಡಿದವನು ಹುಲ್ಲು ಕತ್ತರಿಸುವ ಮುದುಕ ಒಬ್ಬನೇ. ಹತ್ತು ತಿಂಗಳ ನಂತರ ಮರಳಿದಾಗ ತಂಡ ಕೆಳಗಿಳಿದಿತ್ತು, ಹೊಸ ಕೋಚ್ ಬಂದಿದ್ದ, ಎಡ ಅಂಚಿನಲ್ಲಿ ಹತ್ತೊಂಬತ್ತರ ಹುಡುಗನೊಬ್ಬ ಓಡುತ್ತಿದ್ದ. ಆಮೇಲೆ ಐದು ವರ್ಷ ಸಣ್ಣ ಸಣ್ಣ ಕ್ಲಬ್ಬುಗಳು. ಒಂದು ದಿನ ಏಜೆಂಟ್ ಫೋನ್ ಮಾಡಿ ಸಿಡ್ನಿ ಅಂದ.

“ನಕ್ಷೆ ತೆಗೆದು ನೋಡಿದೆ. ಇದಕ್ಕಿಂತ ದೂರ ಹೋಗೋಕೆ ಆಗಲ್ಲ ಅನ್ನಿಸ್ತು. ಸೈನ್ ಹಾಕಿದೆ.”

ಆರು ವಾರ ಕಳೆದರೂ ತೊಡೆಯ ನೋವು ಪೂರ್ತಿ ಹೋಗಲಿಲ್ಲ. ನಮ್ಮ ಹಿರಿಯ ಫಿಸಿಯೋ, ಕ್ಲಿನಿಕ್ಕಿನ ಒಡತಿಯೂ ಅವರೇ, ಕಡಿಮೆ ಮಾತಿನ ಐವತ್ತರ ಹೆಂಗಸು, ವ್ಯಾಯಾಮಗಳನ್ನು ಬದಲಿಸಿ ನೋಡಿದರು. ಒಂದು ಬೆಳಿಗ್ಗೆ ನಾನು ತಡವಾಗಿ ಬಂದು ಕಟ್ಟಡದ ಮೆಟ್ಟಿಲು ಹತ್ತುತ್ತಿದ್ದೆ. ಆ ಆಟಗಾರ ಲಿಫ್ಟ್ ಬಳಸುವವರಲ್ಲ, ನನ್ನ ಮುಂದೆಯೇ ಹತ್ತುತ್ತಿದ್ದರು. ಪ್ರತಿ ಮೆಟ್ಟಿಲಿಗೂ ಎಡಗಾಲೇ ಮೊದಲು. ಬಲಗಾಲು ಅದರ ಪಕ್ಕಕ್ಕೆ ಬಂದು ನಿಲ್ಲುತ್ತಿತ್ತು. ಹಿಂದೆ ನಾನಿದ್ದೇನೆಂದು ತಿಳಿದ ಕೂಡಲೇ ಎಲ್ಲರ ಹಾಗೆ ಹತ್ತತೊಡಗಿದರು.

ಆ ದಿನ ಎಣಿಸುತ್ತ ಬಲ ತೊಡೆಯನ್ನೇ ನೋಡಿದೆ. ಮೊಣಕಾಲಿನ ಮೇಲಿನ ಸ್ನಾಯು ಎಡಗಡೆಗಿಂತ ಸೊರಗಿತ್ತು. ಆಗ ಅರ್ಥವಾಯಿತು: ನೋವಿರುವ ಬಲಗಾಲಿನ ಭಾರವನ್ನೂ ಎಡಗಾಲೇ ಹೊರುತ್ತಿದೆ, ಅದಕ್ಕೇ ಅದು ಬಳಲುತ್ತಿದೆ. ಚಿಕಿತ್ಸೆ ನಡೆಯುತ್ತಿದ್ದದ್ದು ಒಂದು ಕಾಲಿಗೆ, ಕಾಯಿಲೆ ಇದ್ದದ್ದು ಇನ್ನೊಂದರಲ್ಲಿ.

ಅವರು ಬೂಟಿನ ಲೇಸ್ ಕಟ್ಟುವಾಗ ಮೆಲ್ಲಗೆ ಕೇಳಿದೆ: “ಬಲ ಮೊಣಕಾಲು ಯಾವಾಗಿಂದ ನೋಯ್ತಿದೆ?”

ಅವರ ಕೈ ನಿಂತಿತು. “ನೋವಿಲ್ಲ.”

“ಮೆಟ್ಟಿಲ ಮೇಲೆ ನೋಡಿದೆ.”

“ನೀವು ಎಣಿಸೋರು ತಾನೆ?” ಎಂದರು. ದನಿ ಏರಲಿಲ್ಲ, ಆದರೂ ಮುಖಕ್ಕೆ ನೀರೆರಚಿದ ಹಾಗಾಯಿತು. ಲೇಸ್ ಕಟ್ಟಿ ಮುಗಿಸಿ ಅವರೇ ಹೇಳಿದರು: “ನನ್ನ ಕಾಂಟ್ರಾಕ್ಟ್ ಈ ಬೇಸಿಗೆಗೆ ಮುಗಿಯತ್ತೆ. ಮೊಣಕಾಲು ಅಂತ ಒಂದು ಮಾತು ಕಾಗದದ ಮೇಲೆ ಬಂದ್ರೆ ಮುಗೀತು. ದಯವಿಟ್ಟು ಹೇಳಬೇಡಿ.”

“ಹೀಗೇ ಆಡಿದ್ರೆ ಆಮೇಲೆ ನಡೆಯೋಕೂ ಕಷ್ಟ ಆಗತ್ತೆ. ಶುಕ್ರವಾರದೊಳಗೆ ನೀವೇ ಹೇಳಿ. ಇಲ್ಲದಿದ್ರೆ ನಾನು ಹೇಳ್ತೀನಿ,” ಎಂದೆ. ಅವರು ಚೀಲ ಹೆಗಲಿಗೇರಿಸಿ ಹೊರಟುಹೋದರು.

ಮನೆಗೆ ಬಂದು ನಮ್ಮ ಮನೆಯವರಿಗೆ ಎಲ್ಲ ಹೇಳಿದೆ. ಅವರು ಮೈಸೂರಿನವರು, ಇಲ್ಲಿ ಒಂದು ಐಟಿ ಕಂಪನಿಯಲ್ಲಿದ್ದರು, ಯಾವುದಕ್ಕೂ ಗಾಬರಿಯಾಗುವವರಲ್ಲ. ಆವತ್ತು ಗಾಬರಿಯಾದರು.

“ನಿನಗ್ಯಾಕೆ ಬೇಕಿತ್ತು ಇದೆಲ್ಲ? ಇನ್ನೂ ರಿಜಿಸ್ಟ್ರೇಷನ್ ಆಗಿಲ್ಲ. ಅವನು ಹೋಗಿ ಕಂಪ್ಲೇಂಟ್ ಮಾಡಿದ್ರೆ ಇರೋ ಜಾಬೂ ಹೋಗತ್ತೆ.”

“ಕಣ್ಣಿಗೆ ಕಂಡದ್ದನ್ನ ಕಂಡಿಲ್ಲ ಅನ್ನಲಿಕ್ಕೆ ಆಗಂಗಿಲ್ಲರೀ ನನಗ.”

“ಸರಿ, ಅವನು ಹೇಳಲಿಲ್ಲ ಅಂದ್ರೆ?”

“ಸೋಮವಾರ ನಾನಽ ಹೇಳ್ತೀನಿ.”

ಅವರು ಮಗಳ ಊಟದ ತಟ್ಟೆ ಎತ್ತಿಕೊಂಡು ಒಳಗೆ ಹೋದರು.

ಶುಕ್ರವಾರ ಆ ಆಟಗಾರ ಬರಲಿಲ್ಲ. ಶನಿವಾರ, ಭಾನುವಾರ ನನಗೆ ಊಟ ಸೇರಲಿಲ್ಲ. ಸೋಮವಾರ ಹೇಗೆ ಶುರು ಮಾಡುವುದೆಂದು ಟ್ರೈನಿನಲ್ಲಿ ವಾಕ್ಯ ಜೋಡಿಸುತ್ತ ಹೋದೆ. ಕ್ಲಿನಿಕ್ಕಿಗೆ ಕಾಲಿಡುತ್ತಿದ್ದಂತೆ ಒಡತಿಯೇ ನನ್ನನ್ನು ಒಳಕ್ಕೆ ಕರೆದರು. ಶುಕ್ರವಾರ ಆ ಆಟಗಾರ ಕ್ಲಬ್ಬಿನ ಡಾಕ್ಟರ ಹತ್ತಿರ ಹೋಗಿ ತಾವೇ ಹೇಳಿಕೊಂಡಿದ್ದರು. ಸ್ಕ್ಯಾನ್ ಆಗಿತ್ತು. ಬಲ ಮೊಣಕಾಲಿನಲ್ಲಿ ಮೂಳೆಗಳ ನಡುವಿನ ಮೆತ್ತೆ ಸವೆದು ಒಂದು ಚೂರು ಕಿತ್ತು ಬಂದಿತ್ತು. ಆಪರೇಷನ್ ಆಗಬೇಕು.

“ನಿಮಗೆ ಮೊದಲೇ ಗೊತ್ತಾಗಿತ್ತಂತೆ. ಅವರೇ ಹೇಳಿದರು,” ಎಂದರು ಒಡತಿ.

ನಾನು ಮೆಟ್ಟಿಲಿನ ವಿಷಯ, ಸೊರಗಿದ ತೊಡೆಯ ವಿಷಯ ಹೇಳಿದೆ. ಕಂಡ ದಿನವೇ ನಿಮಗೆ ಹೇಳಬೇಕಿತ್ತು, ತಪ್ಪಾಯಿತು ಎಂದೆ.

“ಹೌದು, ಹೇಳಬೇಕಿತ್ತು,” ಎಂದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಆದರೆ ಆರು ವಾರ ನಾನೂ ಅದೇ ಕಾಲು ನೋಡಿದೆ. ನನಗೆ ಕಾಣಲಿಲ್ಲ. ನೀವು ಆ ಪರೀಕ್ಷೆಗೆ ಮತ್ತೆ ಅರ್ಜಿ ಹಾಕಿ. ಇಲ್ಲಿ ಟವೆಲ್ ಮಡಚೋಕೆ ನಾನು ಬೇರೆಯವರನ್ನ ಹುಡುಕ್ತೀನಿ.”

ಆ ಆಟಗಾರನ ಸೀಸನ್ ಅಲ್ಲಿಗೆ ಮುಗಿಯಿತು. ಸಿಡ್ನಿ ಕ್ಲಬ್ಬು ಕಾಂಟ್ರಾಕ್ಟ್ ಮುಂದುವರಿಸಲಿಲ್ಲ. ಪೇಪರಿನ ಒಳಪುಟದಲ್ಲಿ ಎರಡು ಸಾಲು ಬಂದಿತ್ತು. ಅದನ್ನು ಓದಿ ಬಾತ್‌ರೂಮಿಗೆ ಹೋಗಿ ಸ್ವಲ್ಪ ಅತ್ತೆ. ನಾನು ಮಾಡಿದ್ದು ಸರಿ ಎಂದು ಗೊತ್ತಿತ್ತು. ಹಾಗೆ ಗೊತ್ತಿದ್ದರೂ ಸಂಕಟ ಕಡಿಮೆಯಾಗಲಿಲ್ಲ.

ಆಪರೇಷನ್ ಆಗಿ ಆರು ವಾರಕ್ಕೆ ಅವರು ಊರುಗೋಲಿಲ್ಲದೆ ಒಳಗೆ ಬಂದರು. ನಾನು ಎಲ್ಲಿ ನೋಡುವುದೆಂದು ತಿಳಿಯದೆ ನಿಂತಿದ್ದೆ.

“ಮೂರು ದಿನ ನಿಮ್ಮನ್ನ ಜರ್ಮನ್ ಭಾಷೇಲಿ ಬೈದೆ,” ಎಂದರು. “ನಮ್ಮ ಭಾಷೇಲಿ ಬೈಗುಳ ಬಹಳ ಚೆನ್ನಾಗಿದಾವೆ. ಆಮೇಲೆ ಅಪಾರ್ಟ್‌ಮೆಂಟಿನ ಮೆಟ್ಟಿಲಿಳಿಯೋವಾಗ ನನ್ನ ಕಾಲನ್ನ ನಾನೇ ನೋಡಿಕೊಂಡೆ. ಸರಿ, ಡಾಕ್ಟರ ಹತ್ತಿರ ಹೋದೆ.”

“ಇನ್ನು ಮುಂದೆ?”

“ಸರ್ಜನ್ ಹೇಳಿದಾರೆ, ಹುಷಾರಾಗಿದ್ರೆ ಇನ್ನೊಂದು ಸೀಸನ್. ಅಷ್ಟೇ. ಎರಡು ಕೇಳಬೇಡ ಅಂದರು.” ಚಾಪೆಯ ಮೇಲೆ ಕೂತು ಹೇಳಿದರು: “ಆವತ್ತು ಮಳೇಲಿ ನನ್ನನ್ನ ಹೊತ್ಕೊಂಡು ಹೋದರಲ್ಲ, ಆಟ ಹಾಗೆ ಮುಗಿಯೋದು ಬೇಡ. ನಾನೇ ನಡ್ಕೊಂಡು ಹೊರಗೆ ಬರಬೇಕು.”

ಆ ಚಳಿಗಾಲವೆಲ್ಲ ವಾರಕ್ಕೆ ನಾಲ್ಕು ದಿನ ಬಂದರು. ಅವರ ದೇಶದಲ್ಲೇ ವಿಶ್ವಕಪ್ ನಡೆಯುತ್ತಿದ್ದ ದಿನಗಳು ಅವು. ಮುಂಜಾನೆ ಎದ್ದು ಪಂದ್ಯ ನೋಡಿದ ಜನ ಟ್ರೈನಿನಲ್ಲಿ ಆಕಳಿಸುತ್ತ ಕೂತಿರುತ್ತಿದ್ದರು. ಕ್ಲಿನಿಕ್ಕಿನ ಟಿವಿಯಲ್ಲಿ ಅದೇ ಪಂದ್ಯಗಳನ್ನು ಮತ್ತೆ ತೋರಿಸುತ್ತಿದ್ದರು. ಇವರು ಚಾಪೆಯ ಮೇಲೆ ಮಲಗಿ ಕಾಲೆತ್ತುತ್ತ ನೋಡುತ್ತಿದ್ದರು. ತಮ್ಮ ಜೊತೆ ಹಿಂದೆ ಆಡಿದ ಒಬ್ಬನನ್ನು ಪರದೆಯಲ್ಲಿ ತೋರಿಸಿ, “ಇವನು ದಿನಾ ನನ್ನ ಸೋಪು ಬಳಸ್ತಿದ್ದ,” ಎಂದರು. ಹೊಟ್ಟೆಕಿಚ್ಚು ಇತ್ತೋ ಏನೋ, ಇದ್ದರೂ ನನಗೆ ತೋರಿಸಲಿಲ್ಲ. ನಾನೂ ಗೋಡೆಗೆ ಒರಗಿ ಪರೀಕ್ಷೆಯ ಪುಸ್ತಕ ಹಿಡಿದು ಓದುತ್ತಿದ್ದೆ, ಮಧ್ಯೆ ಮಧ್ಯೆ ಎಣಿಸುತ್ತಿದ್ದೆ. ಆಗಸ್ಟಿನಲ್ಲಿ ಮೆಲ್ಬರ್ನ್‌ನ ಒಂದು ಕ್ಲಬ್ಬು ಅವರನ್ನು ಒಂದೇ ಸೀಸನ್ನಿಗೆ ತೆಗೆದುಕೊಂಡಿತು. ಹೊರಡುವಾಗ ನಮ್ಮೆಲ್ಲರ ಕೈ ಕುಲುಕಿ ಹೋದರು.

ನನ್ನ ಪರೀಕ್ಷೆ ಬಂದದ್ದು ಜನವರಿಯ ಕೊನೆಗೆ, ಮೆಲ್ಬರ್ನ್‌ನಲ್ಲಿ, ಒಂದು ಸೋಮವಾರ. ಹಿಂದಿನ ದಿನ ಭಾನುವಾರ ಮಧ್ಯಾಹ್ನ ಅವರ ತಂಡ ತನ್ನ ಊರಿನಲ್ಲಿ ಆಡುವ ಕೊನೆಯ ಪಂದ್ಯ. ಫೋನ್ ಮಾಡಿದಾಗ, “ಶನಿವಾರವೇ ಬನ್ನಿ. ಮನೆಯವರನ್ನೂ ಕರ್ಕೊಂಡು ಬನ್ನಿ. ನಿಮಗೆ ಅಭ್ಯಾಸ ಮಾಡೋಕೆ ಒಬ್ಬ ರೋಗಿ ಬೇಕಲ್ಲ, ನಾನಿದೀನಿ. ಹದಿನಾಲ್ಕು ವರ್ಷದಿಂದ ನನ್ನ ಕಾಲನ್ನ ಫಿಸಿಯೋಗಳ ಕೈಗೆ ಕೊಟ್ಟಿದೀನಿ. ಯಾರು ಒಳ್ಳೆಯವರು ಯಾರು ಅಲ್ಲ ನನಗೆ ಗೊತ್ತು,” ಎಂದರು.

ಮಗಳಿಗೆ ಸ್ಕೂಲಿನ ರಜೆ. ಮೂವರೂ ಕಾರಿನಲ್ಲಿ ಹತ್ತು ಗಂಟೆ ಪ್ರಯಾಣ ಮಾಡಿ ಶುಕ್ರವಾರ ಸಂಜೆ ಮೆಲ್ಬರ್ನ್ ಮುಟ್ಟಿದೆವು. ಮರುದಿನ ಹುಡುಕಿಕೊಂಡು ಹೋದರೆ ಅವರ ಫ್ಲ್ಯಾಟು ಟ್ರ್ಯಾಮ್ ಓಡುವ ರಸ್ತೆಯ ಮೇಲೇ ಇತ್ತು. ಪ್ರತಿ ಟ್ರ್ಯಾಮಿಗೂ ಕಿಟಕಿಯ ಗಾಜು ಸಣ್ಣಗೆ ಅದುರುತ್ತಿತ್ತು. ಬಾಗಿಲು ತೆಗೆದು ನಮ್ಮನೆಯವರಿಗೆ, “ನೀವು ಪರೀಕ್ಷಕರು. ನಗಬಾರದು,” ಎಂದು ಹೇಳಿ ಕೈಗೆ ಗಡಿಯಾರ ಕೊಟ್ಟರು. ಮಗಳನ್ನು ಸೋಫಾ ಮೇಲೆ ಕೂರಿಸಿ ಬಿಸ್ಕತ್ತಿನ ಡಬ್ಬಿ ಕೊಟ್ಟರು. ತಾವು ಚಾಪೆಯ ಮೇಲೆ ಮಲಗಿ ಭುಜ ಹಿಡಿದುಕೊಂಡ ರೋಗಿಯಾದರು, ಆಮೇಲೆ ಒಂದು ಬದಿಗೆ ಪಾರ್ಶ್ವವಾಯು ಹೊಡೆದ ರೋಗಿಯಾದರು. ನರಳುವುದು ನೋಡಿ ಮಗಳು, “ಈಸ್ ಹಿ ಓಕೆ, ಅಮ್ಮಾ?” ಎಂದಳು.

ನಾನು ಕೇಳಬೇಕಾದ ಪ್ರಶ್ನೆಗಳನ್ನು ಹಾಳೆಯ ಮೇಲೆ ಬರೆದುಕೊಂಡಿದ್ದೆ. ಒಂದೊಂದೇ ಕೇಳಿದೆ, ಕಾಲೆತ್ತಿಸಿದೆ, ಕೈ ಮಡಚಿಸಿದೆ. ಮುಗಿದ ಮೇಲೆ ಹೇಗಿತ್ತು ಎಂದು ಕೇಳಿದೆ.

ನಮ್ಮನೆಯವರು, “ಟೈಮ್ ಒಳಗೇ ಮುಗಿಸಿದೀಯ,” ಎಂದರು.

ರೋಗಿಯಾಗಿದ್ದವರು ಎದ್ದು ಕೂತು ಗಲ್ಲ ಉಜ್ಜಿಕೊಂಡರು. “ಚೆನ್ನಾಗಿಲ್ಲ,” ಎಂದರು. “ನಾನು ಕಾಲೆತ್ತೋವಾಗ ನೀವು ಹಾಳೆ ನೋಡ್ತಿದ್ದಿರಿ. ನಾನು ಬೇಕಂತಲೇ ಎರಡು ಸಲ ಮುಖ ಕಿವುಚಿದೆ, ನಿಮಗೆ ಕಾಣಲಿಲ್ಲ. ಆವತ್ತು ಮೆಟ್ಟಿಲ ಮೇಲೆ ನನ್ನ ಹಿಂದೆ ಬಂದಿರಲ್ಲ, ಆಗ ನಿಮ್ಮ ಕೈಯಲ್ಲಿ ಹಾಳೆ ಇತ್ತಾ?”

“ಇರಲಿಲ್ಲ.”

“ಮತ್ತೆ?”

ಹಿಂದಿನ ಪರೀಕ್ಷೆಯಲ್ಲಿ ನಾನು ಯಾಕೆ ಫೇಲಾದೆ ಎಂದು ವರ್ಷಗಟ್ಟಲೆ ಯೋಚಿಸಿದ್ದೆ. ಇಂಗ್ಲಿಷ್ ಅಂದುಕೊಂಡಿದ್ದೆ, ಪರೀಕ್ಷಕರು ಅಂದುಕೊಂಡಿದ್ದೆ. ಆ ಟ್ರ್ಯಾಮಿನ ಸದ್ದಿನ ನಡುವೆ ಉತ್ತರ ಸಿಕ್ಕಿತು. ಹಾಳೆ ಮಡಚಿ ಮಗಳಿಗೆ ಕೊಟ್ಟೆ, ಅವಳು ಅದರ ಹಿಂದೆ ಚಿತ್ರ ಬರೆಯತೊಡಗಿದಳು. ಮಧ್ಯಾಹ್ನದವರೆಗೂ ಇನ್ನೂ ನಾಲ್ಕು ಸಲ ಮಾಡಿದೆವು. ಕೊನೆಯ ಸಲ ಅವರು ಒಂದು ತಪ್ಪೂ ಎತ್ತಿ ತೋರಿಸದೆ ಎದ್ದು ಚಹಾಕ್ಕೆ ನೀರಿಟ್ಟರು.

ಭಾನುವಾರ ಉತ್ತರದಿಂದ ಬಿಸಿಗಾಳಿ ಬೀಸುತ್ತಿತ್ತು. ಮೈದಾನದಲ್ಲಿ ನಮಗೆ ಕೊಡಿಸಿದ್ದ ಸೀಟುಗಳು ಎಡ ಅಂಚಿನ ಗೆರೆಯ ಹತ್ತಿರವೇ ಇದ್ದವು. ಸೀಸನ್ ತುಂಬ ಅವರು ಹೆಚ್ಚಾಗಿ ಬದಲಿ ಆಟಗಾರರ ಬೆಂಚಿನಲ್ಲೇ ಕೂತವರು. ಅಂದು ಕೋಚ್ ಅವರನ್ನು ಮೊದಲಿನಿಂದ ಆಡಿಸಿದರು. ಮೊದಲ ಅರ್ಧದಲ್ಲಿ ಎದುರಾಳಿ ತಂಡದ ಚುರುಕಾದ ಹುಡುಗನೊಬ್ಬ ಅವರಿಂದ ಮತ್ತೆ ಮತ್ತೆ ಚೆಂಡು ಕಸಿದ. ನನಗೆ ನೋಡಲಾಗಲಿಲ್ಲ. ಹಿಂದಿನ ಸಾಲಿನ ಒಬ್ಬಾತ, “ಮುದುಕನನ್ನ ಕೂರಿಸ್ರೋ,” ಎಂದು ಕೂಗಿದ. ನಮ್ಮನೆಯವರು ತಿರುಗಿ ಅವನನ್ನೇ ದಿಟ್ಟಿಸಿ ನೋಡಿದರು, ಅವರ ಜನ್ಮದಲ್ಲಿ ಅವರು ಅಷ್ಟು ಮಾಡಿದ್ದೇ ಹೆಚ್ಚು.

ಎರಡನೇ ಅರ್ಧದಲ್ಲಿ ಒಂದು ಸಲ ಚೆಂಡು ಗೆರೆಯ ಹತ್ತಿರ ಅವರ ಕಾಲಿಗೆ ಬಂತು. ಅದೇ ಹುಡುಗ ಎದುರು ನಿಂತ. ಅವರು ಓಡಲಿಲ್ಲ, ನಿಂತರು. ಹುಡುಗ ಕಾಯುತ್ತ ಸ್ವಲ್ಪ ಮುಂದಕ್ಕೆ ವಾಲಿದ. ಅಷ್ಟು ಸಾಕಾಯಿತು. ಚೆಂಡನ್ನು ಅವನ ಪಕ್ಕದಿಂದ ತಳ್ಳಿ ತಾವು ಇನ್ನೊಂದು ಪಕ್ಕದಿಂದ ದಾಟಿ, ಆರೇಳು ಹೆಜ್ಜೆ ಹಾಕಿ ಎಡಗಾಲಿನಿಂದ ಮಧ್ಯಕ್ಕೆ ಎತ್ತಿ ಕೊಟ್ಟರು. ಅವರ ತಂಡದವನೊಬ್ಬ ಎಗರಿ ತಲೆ ಕೊಟ್ಟ. ಚೆಂಡು ಗೋಲಿನ ಮೇಲಿನ ಕಂಬಕ್ಕೆ ಬಡಿದು ಹೊರಗೆ ಹೋಯಿತು. ನಮ್ಮ ಸುತ್ತಲಿನವರೆಲ್ಲ ಎದ್ದು ನಿಂತಿದ್ದರು, ನಾನೂ ನಿಂತಿದ್ದೆ, ಯಾವಾಗ ಎದ್ದೆನೋ ಗೊತ್ತಿಲ್ಲ.

ಅದಾಗಿ ಹತ್ತು ನಿಮಿಷಕ್ಕೆ ಅವರೇ ಕೋಚ್ ಕಡೆ ನೋಡಿ ಕೈ ತಿರುಗಿಸಿ ಸನ್ನೆ ಮಾಡಿದರು. ಬದಲಿ ಆಟಗಾರನ ಫಲಕ ಎತ್ತಿದರು. ಇಡೀ ಮೈದಾನವನ್ನು ಅಡ್ಡಲಾಗಿ ದಾಟಿ, ಅವಸರವಿಲ್ಲದೆ ನಡೆದು ಹೋದರು. ಕೆಲವರು ಚಪ್ಪಾಳೆ ತಟ್ಟಿದರು, ಕೆಲವರು ತಂಪು ಪಾನೀಯ ತರಲು ಎದ್ದರು. ಅವರು ಬೆಂಚಿನಲ್ಲಿ ಕೂತು ಕಾಲಿನ ಪ್ಯಾಡ್ ತೆಗೆಯುವುದು ದೂರದಿಂದ ಕಾಣುತ್ತಿತ್ತು.

“ಬಟ್ ಹಿ ಡಿಡಂಟ್ ಸ್ಕೋರ್,” ಎಂದಳು ಮಗಳು.

“ಸ್ಕೋರ್ ಮಾಡೋದು ಅವರ ಕೆಲಸ ಅಲ್ಲ ಪುಟ್ಟಿ,” ಎಂದರು ನಮ್ಮನೆಯವರು. ಫುಟ್‌ಬಾಲ್ ಅವರಿಗೆ ಯಾವಾಗ ಅರ್ಥವಾಯಿತು ಎಂದು ನಾನು ಕೇಳಲಿಲ್ಲ.

ಮರುದಿನ ಪರೀಕ್ಷೆಯಲ್ಲಿ ನನಗೆ ಸಿಕ್ಕ ರೋಗಿ ಭುಜ ಎತ್ತಲಾಗದ ಒಬ್ಬ ವಯಸ್ಸಾದ ಗ್ರೀಕ್ ಮನುಷ್ಯ. ಕಾಗದವನ್ನು ಮಂಚದ ಮೇಲೆ ಮಗುಚಿ ಇಟ್ಟು ಅವರ ಮುಖ ನೋಡುತ್ತ ಮಾತಾಡಿದೆ. ತೋಟದಲ್ಲಿ ಟೊಮೆಟೊ ಕಟ್ಟುವಾಗ ನೋವು ಶುರುವಾಯಿತು ಎಂದು ಅವರು ಹೇಳಿದರು. ಯಾವ ಕೈ ಮೇಲಿತ್ತು, ತೋರಿಸಿ ಎಂದೆ. ತೋರಿಸಿದರು. ಆಮೇಲೆ ಮೂಲೆಯಲ್ಲಿ ಕೂತ ಇಬ್ಬರು ಪರೀಕ್ಷಕರ ನೆನಪು ನನಗೆ ಬರಲಿಲ್ಲ. ಕೆಲವು ವಾರಗಳ ನಂತರ ಪಾಸಾದ ಪತ್ರ ಬಂತು. ಮೊದಲು ಹುಬ್ಬಳ್ಳಿಗೆ ಫೋನ್ ಮಾಡಿದೆ, ಎರಡನೆಯದು ಮೆಲ್ಬರ್ನ್‌ಗೆ. ಅವರು ಜರ್ಮನ್ ಭಾಷೆಯಲ್ಲಿ ಉದ್ದವಾಗಿ ಏನೋ ಹೇಳಿದರು. ಬೈಗುಳವಾ ಎಂದು ಕೇಳಿದೆ. ಅಲ್ಲ ಎಂದರು.

ಅವರು ಜರ್ಮನಿಗೆ ಹಿಂದಿರುಗುತ್ತಾರೆಂದು ನಾನು ಅಂದುಕೊಂಡಿದ್ದೆ. ಹೋಗಲಿಲ್ಲ. ಮೆಲ್ಬರ್ನ್‌ನ ಒಂದು ಸ್ಕೂಲಿನಲ್ಲಿ ಆಟದ ಮೇಷ್ಟರಾದರು, ವಾರದ ಕೊನೆಗೆ ಹನ್ನೆರಡರೊಳಗಿನ ಹುಡುಗಿಯರ ತಂಡಕ್ಕೆ ಕೋಚ್ ಆದರು. ಎರಡು ವರ್ಷದ ನಂತರ ಒಂದು ಟೂರ್ನಮೆಂಟಿಗೆ ಆ ತಂಡವನ್ನು ಸಿಡ್ನಿಗೆ ಕರೆತಂದರು. ಆಟ ನಡೆದದ್ದು ನಮ್ಮ ಮನೆಗೆ ಹತ್ತೇ ನಿಮಿಷದ ದೂರದಲ್ಲಿ, ಹೊಸ ಮನೆಗಳು ಏಳುತ್ತಿದ್ದ ದಿ ಪಾಂಡ್ಸ್ ಬಡಾವಣೆಯ ಪಕ್ಕದ ಒಂದು ಮೈದಾನದಲ್ಲಿ. ನಾನು ದೊಡ್ಡ ಡಬ್ಬಿಯಲ್ಲಿ ಚಿತ್ರಾನ್ನ ಒಯ್ದಿದ್ದೆ. ಅವರು ಸ್ವಲ್ಪ ದಪ್ಪಗಾಗಿದ್ದರು, ಸ್ವಲ್ಪ ಕುಂಟುತ್ತಿದ್ದರು. ಗೆರೆಯ ಪಕ್ಕದಲ್ಲಿ ಹಿಂದಕ್ಕೆ ಮುಂದಕ್ಕೆ ಓಡಾಡುತ್ತ ಎಡ ಅಂಚಿನ ಪುಟ್ಟ ಹುಡುಗಿಗೆ, “ಅವಸರ ಬೇಡ, ಅವಳು ಬರಲಿ, ಅವಳು ಬರಲಿ,” ಎಂದು ಕೂಗುತ್ತಿದ್ದರು. ಹುಡುಗಿಯರು ಸೋತರು. ಹತ್ತು ನಿಮಿಷದಲ್ಲಿ ಸೋತದ್ದು ಮರೆತು ಚಿತ್ರಾನ್ನದ ಕಡಲೆಬೀಜ ಹೆಕ್ಕಿ ತಿನ್ನತೊಡಗಿದರು.

“ಊರಿಗೆ ಹೋಗಬೇಕು ಅನ್ನಿಸಲ್ವಾ?” ಎಂದು ಕೇಳಿದೆ.

“ಹೋಗಿದ್ದೆ, ಅಮ್ಮನ್ನ ನೋಡೋಕೆ. ನಾನು ಆಡ್ತಿದ್ದ ಮೊದಲನೇ ಮೈದಾನದಲ್ಲಿ ಈಗ ಸೂಪರ್ ಮಾರ್ಕೆಟ್ ಇದೆ. ಒಳಗೆ ಹೋಗಿ ಹಾಲು ಕೊಂಡುಕೊಂಡೆ,” ಎಂದರು. ದುಃಖದಿಂದ ಹೇಳಿದ ಹಾಗೆ ಕೇಳಲಿಲ್ಲ.

ಸಂಜೆ ನಾಲ್ಕಕ್ಕೆ ಅವರ ಮಿನಿಬಸ್ ಹೊರಡಬೇಕಿತ್ತು. ನಮ್ಮನೆಯವರು ಕಿಟಕಿಯ ಹತ್ತಿರ ನಿಂತು ಹೈವೇ ಹಿಡಿಯುವ ದಾರಿಯನ್ನು ಮೂರು ಸಲ ವಿವರಿಸಿದರು. ಅವರು ಮೂರು ಸಲವೂ ತಲೆಯಾಡಿಸಿದರು. ಬಸ್ಸು ಹೊರಟಿತು, ಹುಡುಗಿಯರೆಲ್ಲ ಕೈ ಬೀಸಿದರು. ಮುಂದಿನ ರೌಂಡ್‌ಅಬೌಟಿನಲ್ಲಿ ಅದು ನೇರವಾಗಿ ತಪ್ಪು ದಾರಿಗೆ ತಿರುಗಿತು. ನಾವು ಡಬ್ಬಿ ಜೋಡಿಸಿಕೊಂಡು ಕಾರಿನ ಹತ್ತಿರ ಬರುವಷ್ಟರಲ್ಲಿ ಹಿಂದಿರುಗಿ ಬಂತು, ಒಳಗೆ ಜೋರು ನಗು. ಹುಡುಗಿಯರು ಎರಡನೇ ಸಲ ಕೈ ಬೀಸಿದರು. ನಾವೂ ಬೀಸಿದೆವು.